ಪಾಸ್‌ಪೋರ್ಟ್ ಝೆರಾಕ್ಸಿನಲ್ಲಿ ಕಟ್ಟಿದ ಮಿರ್ಚಿ

ಯುರೋಪಿನ ಆ ಪ್ರವಾಸ ಕಂಪನಿಯವರು ವರ್ಷಕ್ಕೊಮ್ಮೆ ನನ್ನ ತಂಗಿಗೆ ಪರೀಕ್ಷೆ ಇಡುತ್ತಿದ್ದರು. ಮೊದಲು ಕಂಪ್ಯೂಟರಿನಲ್ಲಿ ಒಂದು ವಿಡಿಯೋ. ಕೋಟು ತೊಟ್ಟ ಹೆಂಗಸೊಬ್ಬಳು ಗಾಜಿನ ಆಫೀಸಿನಲ್ಲಿ ಓಡಾಡುತ್ತ, ಪ್ರವಾಸಿಗರ ಹೆಸರು, ಫೋಟೋ, ಪಾಸ್‌ಪೋರ್ಟ್, ಕಾಯಿಲೆ ಕಸಾಲೆಯ ವಿವರ ಇವನ್ನೆಲ್ಲ ಹೇಗೆ ಜೋಪಾನ ಮಾಡಬೇಕೆಂದು ಹೇಳುತ್ತಿದ್ದಳು. ಆಮೇಲೆ ಪ್ರಶ್ನೆಗಳು. ಗುರುತಿಲ್ಲದವರ ಮೇಲ್ ತೆರೆಯಬಹುದೇ? ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳಬಹುದೇ? ಕಾಗದಗಳನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗಬಹುದೇ? ತಂಗಿ ಎಲ್ಲದಕ್ಕೂ ಸರಿಯಾದ ಉತ್ತರ ಕೊಟ್ಟು ಪಾಸಾಗುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನಗುತ್ತಿದ್ದೆ. ಅವಳ ಲ್ಯಾಪ್‌ಟಾಪ್ ಇರುತ್ತಿದ್ದುದೇ ಹೊಲಿಗೆ ಮಿಷನ್ನಿನ ಮೇಲೆ.

"ಮೇಜು ಅಂದ್ರ ಇದನ ಏನ? ಊಟಕ್ಕ ಹೋಗುವಾಗ ಮಿಷನ್ ಹೊತ್ಕೊಂಡು ಹೋಗು ಹಂಗಾರ."

"ನಗಬ್ಯಾಡ ಅಣ್ಣ. ಅವ್ರ ದೇಶದಾಗ ಇದಕ್ಕ ಕಾಯ್ದೆ ಐತಿ. ತಪ್ಪಿದ್ರ ಕಂಪನಿಗೆ ದಂಡ ಹಾಕ್ತಾರ."

"ಕಾಯ್ದೆ ಅವ್ರದು, ಪರೀಕ್ಷೆ ನಿನಗಾ? ಅವ್ರ ಬರೀಲಿ."

ಅಂದು ಅದು ತಮಾಷೆಯ ಮಾತು. ಇಂದು ಅದೇ ಮಾತನ್ನು ಹಲ್ಲು ಕಚ್ಚಿಕೊಂಡು ಹೇಳುತ್ತೇನೆ. ಆ ಕಂಪನಿ ನನ್ನ ತಂಗಿಯ ಕೆಲಸ ಕಿತ್ತುಕೊಂಡಿತು, ಹೆಸರು ಕೆಡಿಸಿತು. ಅದಕ್ಕೆ ಆಯುಧ ಕೊಟ್ಟವನು ನಾನು. ಎರಡನ್ನೂ ಬರೆಯಬೇಕೆಂದೇ ಕುಳಿತಿದ್ದೇನೆ. ಕಂಪನಿಯ ತಪ್ಪನ್ನು ಮಾತ್ರ ಬರೆದರೆ ನಾನು ಮತ್ತೊಮ್ಮೆ ಬಚ್ಚಿಟ್ಟುಕೊಂಡಂತೆ ಆಗುತ್ತದೆ.

ನಾನು ಎಂಟನೇ ತರಗತಿಗೇ ಶಾಲೆ ಬಿಟ್ಟವನು. ಓದಿಸುವವರು ಇರಲಿಲ್ಲವೆಂದಲ್ಲ. ಸಂಡೂರಿನಿಂದ ಅದಿರು ತುಂಬಿಕೊಂಡು ಬರುವ ಲಾರಿಗಳನ್ನು ನೋಡಿ ತಲೆ ತಿರುಗಿತ್ತು. ಕ್ಲೀನರ್ ಆದೆ, ಡ್ರೈವರ್ ಆದೆ. ಗಣಿಗಳು ಬಂದಾದಾಗ ಹೊಸಪೇಟೆಗೆ ಮರಳಿ ಸಾಲ ತೆಗೆದು ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡೆ. ತಂಗಿ ಬಿಕಾಂ ಓದಿದಳು, ಇಂಗ್ಲೀಷು ಕಲಿತಳು. ಮದುವೆಯಾದ ಮೇಲೂ ನಮ್ಮ ಮನೆಯ ಮಹಡಿಯಲ್ಲೇ ಸಂಸಾರ ಮಾಡಿದಳು. ಗಂಡನಿಗೆ ತೋರಣಗಲ್ಲಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಯುರೋಪಿನ ಕಂಪನಿಗೆ ಹಂಪಿ ಭಾಗದಲ್ಲಿ ಒಬ್ಬ ನಂಬಿಗಸ್ತರು ಬೇಕಾಗಿದ್ದಾಗ ಇವಳು ಸೇರಿಕೊಂಡಳು. ಗುಂಪುಗಳು ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿದರೆ ಮುಂದಿನದೆಲ್ಲ ಅವಳದು. ಹಂಪಿ ತೋರಿಸಬೇಕು, ಸಂಡೂರಿನ ಗುಡ್ಡ ಹತ್ತಿಸಬೇಕು, ಎಮ್ಮಿಗನೂರಿನ ಕಡೆ ಭತ್ತದ ಗದ್ದೆ, ಕಬ್ಬು, ಬೆಲ್ಲದ ಗಾಣ ತೋರಿಸಬೇಕು, ಕಂಪ್ಲಿಯಲ್ಲಿ ಊಟ ಮಾಡಿಸಬೇಕು. ಬಂಡಿ ನನ್ನದು, ಮಾತು ಅವಳದು. ಬಂದವರು ಹೋಗುವಾಗ ನನ್ನ ಕೈ ಕುಲುಕುತ್ತಿದ್ದರು, ಅವಳನ್ನು ತಬ್ಬಿಕೊಳ್ಳುತ್ತಿದ್ದರು.

ಈಗ ಕಾಗದದ ವಿಷಯ. ಪರದೇಶದವರು ಎಲ್ಲಿ ಇಳಿದುಕೊಂಡರೂ ಪಾಸ್‌ಪೋರ್ಟಿನ ಝೆರಾಕ್ಸ್ ಕೊಡಬೇಕು. ಹಂಪಿಯ ಲಾಡ್ಜ್‌ಗೆ ಒಂದು, ಸಂಡೂರಿನ ಗೆಸ್ಟ್ ಹೌಸ್‌ಗೆ ಒಂದು. ಕರೆಂಟ್ ಹೋದರೆ ಝೆರಾಕ್ಸ್ ಅಂಗಡಿ ಮುಚ್ಚಿದ ಹಾಗೆಯೇ. ಆದ್ದರಿಂದ ತಂಗಿ ಪ್ರತಿ ಗುಂಪಿಗೂ ಮೊದಲೇ ನಾಲ್ಕಾರು ಪ್ರತಿ ತೆಗೆಸಿಟ್ಟುಕೊಳ್ಳುತ್ತಿದ್ದಳು. ಗುಂಪು ಹೋದ ಮೇಲೆ ಒಂದು ಕಂತೆ ಮಿಗುತ್ತಿತ್ತು. ಕಾಗದ ಚೂರು ಮಾಡುವ ಮಿಷನ್ ತೆಗೆದುಕೊಳ್ಳಿ ಎಂದು ಕಂಪನಿ ಹೇಳಿತ್ತು. ಮಿಷನ್ ಕಳಿಸಿ ಎಂದು ತಂಗಿ ಕೇಳಿದರೆ, ಅದು ಸ್ಥಳೀಯರ ಖರ್ಚು ಎಂದು ಉತ್ತರ ಬಂತು. ಅವಳು ಸುಲಭದ ದಾರಿ ಹುಡುಕಿದಳು.

"ಅಣ್ಣ, ಬೆಳಿಗ್ಗೆ ಹಂಡೆ ಒಲಿ ಹಚ್ತಿ ಅಲ್ಲ, ಅದ್ರಾಗ ಇವನ್ನ ಸುಟ್ಟುಬಿಡು. ಒಂದೂ ಉಳೀಬಾರ್ದು."

"ಆತು ಬಿಡವ್ವ."

ಕೆಲವು ದಿನ ಸುಟ್ಟೆ. ಆದರೆ ನಮ್ಮ ಕಡೆ ಒಂದು ರೂಢಿ ಇದೆ. ಒಂದು ಬದಿ ಬಿಳಿಯಿರುವ ಹಾಳೆಯನ್ನು ಯಾರೂ ಬೆಂಕಿಗೆ ಹಾಕುವುದಿಲ್ಲ. ಅದು ಮಿರ್ಚಿ ಬಂಡಿಗೆ ಹೋಗಬೇಕು. ಪೇಪರಿನ ಮಸಿ ಬಜ್ಜಿಗೆ ಅಂಟುತ್ತದೆ, ಬಿಳಿ ಬದಿ ಅಂಟುವುದಿಲ್ಲ. ಶಾಲೆಯ ಹಳೆ ಉತ್ತರ ಪತ್ರಿಕೆ, ಬ್ಯಾಂಕಿನ ಹಾಳೆ, ಗಣಿ ಆಫೀಸಿನ ಪರ್ಮಿಟ್ ಪ್ರತಿ, ಎಲ್ಲದರಲ್ಲೂ ನಾವು ಮಿರ್ಚಿ ತಿಂದವರೇ. ತಿನ್ನುತ್ತ ಯಾವನೋ ಹುಡುಗ ಗಣಿತದಲ್ಲಿ ಎಷ್ಟು ತೆಗೆದಿದ್ದಾನೆಂದು ಓದಿ ನಕ್ಕವರೇ. ಕಮಲಾಪುರದ ರಸ್ತೆಯಲ್ಲಿ ವಗ್ಗರಣಿ, ಮಿರ್ಚಿ ಮಾಡುವ ಅಕ್ಕನೊಬ್ಬಳಿದ್ದಾಳೆ. ನಮ್ಮ ಕಡೆ ವಗ್ಗರಣಿ ಎಂದರೆ ಒಗ್ಗರಣೆ ಹಾಕಿದ ಮಂಡಕ್ಕಿ. ಒಂದು ದಿನ ನನ್ನ ಟೆಂಪೋದ ಡ್ಯಾಶ್‌ಬೋರ್ಡ್ ಮೇಲೆ ಆ ಕಂತೆ ನೋಡಿದಳು.

"ತಮ್ಮ, ಎಂಥಾ ಚಲೋ ಹಾಳಿ ಅದಾವೋ! ಏನ್ ಮಾಡ್ತಿ ಇವನ್ನ?"

"ಸುಡಾಕ ಒಯ್ಯಾಕತ್ತೀನಿ ಯಕ್ಕ."

"ಅಯ್ಯ ನಿನ್ನ! ಬಿಳೀ ಹಾಳಿ ಸುಡ್ತಾರೇನ? ತಲಿ ಕೆಟ್ಟೈತೇನ? ಇಲ್ಲಿ ಕೊಡು."

ಕೊಟ್ಟೆ. ಪಾಪ, ಹರಿದು ಕೊಟ್ಟೆ. ಪ್ರತಿ ಹಾಳೆಯನ್ನೂ ಅಡ್ಡಕ್ಕೆ ಎರಡಾಗಿ ಹರಿದು, ಹರಿದರೆ ಹಾಳಾಯಿತಲ್ಲ ಎಂದುಕೊಂಡೆ. ಫೋಟೋ, ಹೆಸರು, ನಂಬರು ಎಲ್ಲವೂ ಒಂದೇ ಅರ್ಧದಲ್ಲಿ ಉಳಿಯುತ್ತವೆಂದು ನೋಡಿಯೂ ನೋಡಲಿಲ್ಲ. ಅಂದಿನಿಂದ ಅದೇ ಅಭ್ಯಾಸವಾಯಿತು. ಅಕ್ಕ ನಾನು ಕೇಳದೆಯೇ ನನಗೆ ಒಂದು ಬಿಸಿ ಮಿರ್ಚಿ ಹೆಚ್ಚು ಹಾಕುತ್ತಿದ್ದಳು. ತಂಗಿ ಆಗಾಗ ಕೇಳುತ್ತಿದ್ದಳು, "ಹಾಳಿ ಸುಟ್ಟಿ ಹೌದಿಲ್ಲೋ?" ನಾನು "ಬೂದಿ ಆಗ್ಯಾವ" ಎನ್ನುತ್ತಿದ್ದೆ.

ಇದು ನನ್ನ ಕಡೆಯ ಕಥೆ. ಈಗ ಕಂಪನಿಯ ಕಡೆಯದನ್ನು ಕೇಳಿ.

ತಂಗಿಗೆ ಪರೀಕ್ಷೆ ಇಡುತ್ತಿದ್ದ ಅದೇ ಕಂಪನಿ, ಗುಂಪಿನವರೆಲ್ಲರ ಪಾಸ್‌ಪೋರ್ಟನ್ನು ಒಂದೇ ಫೈಲಿನಲ್ಲಿ ಸೇರಿಸಿ ಮೇಲ್ ಮಾಡುತ್ತಿತ್ತು. ಆ ಫೈಲಿಗೆ ಬೀಗವಿತ್ತು. ಬೀಗದ ಪಾಸ್‌ವರ್ಡು ಅದೇ ಮೇಲ್‌ನ ಕೊನೆಯಲ್ಲಿ ಬರೆದಿರುತ್ತಿತ್ತು. ಮನೆಗೆ ಬೀಗ ಹಾಕಿ ಚಿಲಕಕ್ಕೇ ಕೀಲಿ ಕಟ್ಟಿ ಹೋದಂತೆ. ಇನ್ನೊಂದು ಕೇಳಿ. ಬುಕಿಂಗ್ ನೋಡುವ ಅವರ ಕಂಪ್ಯೂಟರ್ ವ್ಯವಸ್ಥೆಗೆ ನಮ್ಮ ದೇಶದಲ್ಲೂ ಅಕ್ಕಪಕ್ಕದ ದೇಶಗಳಲ್ಲೂ ಅವರ ಕೆಲಸ ಮಾಡುವ ಎಲ್ಲರಿಗೂ ಸೇರಿ ಒಂದೇ ಹೆಸರು, ಒಂದೇ ಪಾಸ್‌ವರ್ಡು. ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳಬಹುದೇ ಎಂಬ ಪ್ರಶ್ನೆಗೆ ಇಲ್ಲ ಎಂದು ಬರೆಸಿಕೊಂಡವರೇ ಇದನ್ನು ಎಲ್ಲರಿಗೂ ಹಂಚಿದ್ದರು! ತಂಗಿ ಕೆಲಸ ಬಿಟ್ಟು ಹೋದವರಿಗೂ ಅದು ಗೊತ್ತಿರುತ್ತದೆಂದು ಹೆದರಿ, ನನಗೆ ಬೇರೆ ಕೊಡಿ ಎಂದು ಬರೆದಳು. ಪ್ರತಿಯೊಬ್ಬರಿಗೂ ಬೇರೆ ಬೇರೆ ಕೊಟ್ಟರೆ ಖರ್ಚು ಹೆಚ್ಚಾಗುತ್ತದೆ, ಮುಂದಿನ ವರ್ಷ ನೋಡೋಣ ಎಂದು ಉತ್ತರ ಬಂತು. ಮರುವರ್ಷವೂ ಅದನ್ನೇ ಬರೆದಳು. ಅದೇ ಉತ್ತರ. ಮತ್ತು ಅದೇ ಕೋಟಿನ ಹೆಂಗಸು, ಅದೇ ವಿಡಿಯೋ.

ಕಾಯ್ದೆಗೆ ತಯಾರಾಗುವುದು ಬೇರೆ, ಕಳ್ಳನಿಗೆ ತಯಾರಾಗುವುದು ಬೇರೆ. ಅವರು ಕಾಯ್ದೆಗೆ ಮಾತ್ರ ತಯಾರಾಗಿದ್ದರು. ನಾಳೆ ಯಾರಾದರೂ ಕೇಳಿದರೆ ತೋರಿಸಲು ಸರ್ಟಿಫಿಕೇಟುಗಳಿದ್ದವು.

ಕಳ್ಳ ಬಂದ. ಒಂದು ಮುಂಜಾನೆ ತಂಗಿಯ ಲ್ಯಾಪ್‌ಟಾಪಿನಲ್ಲಿ ಬುಕಿಂಗೇ ತೆರೆಯಲಿಲ್ಲ. ಅಂದು ಬರುವ ಗುಂಪಿನಲ್ಲಿ ಎಷ್ಟು ಜನ, ಯಾರಿಗೆ ಕಡಲೆಕಾಯಿ ಆಗುವುದಿಲ್ಲ, ಯಾರಿಗೆ ಮೆಟ್ಟಿಲು ಹತ್ತಲಾಗದು, ಒಂದೂ ಗೊತ್ತಿಲ್ಲ. ಆ ಗುಂಪಿನ ಪಾಸ್‌ಪೋರ್ಟ್ ಫೈಲೂ ಇನ್ನೂ ಬಂದಿರಲಿಲ್ಲ. ಕಂಪನಿಗೆ ಫೋನ್ ಮಾಡಿದರೆ ಸಂಗೀತ ಕೇಳಿಸುತ್ತಿತ್ತು. ನಾವಿಬ್ಬರೂ ಸ್ಟೇಷನ್ನಿಗೆ ಹೋಗಿ, ರೈಲಿನಿಂದ ಇಳಿದ ಬಿಳಿಯರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿ ನಮ್ಮವರನ್ನು ಹುಡುಕಿಕೊಂಡೆವು. ಬೇರೆಯವರ ಗುಂಪಿನ ಒಬ್ಬ ಮುದುಕನೂ ನಮ್ಮ ಟೆಂಪೋ ಹತ್ತಿ ಕುಳಿತಿದ್ದ. ಅವನನ್ನು ಇಳಿಸಲು ತಂಗಿ ಪಟ್ಟ ಪಾಡು ನೆನೆದರೆ ಈಗಲೂ ನಗು ಬರುತ್ತದೆ. ಆ ವಾರವೆಲ್ಲ ಅವಳು ಬಂದವರನ್ನೇ ಕೇಳಿಕೊಂಡು, ನೆನಪಿನ ಮೇಲೆಯೇ ಪ್ರವಾಸ ನಡೆಸಿದಳು. ಒಬ್ಬರಿಗೂ ಊಟ ತಪ್ಪಲಿಲ್ಲ, ಹಾಸಿಗೆ ತಪ್ಪಲಿಲ್ಲ. ಗುಂಪಿನವರಿಗೆ ಏನಾಗಿದೆಯೆಂದು ತಿಳಿಯಲೂ ಇಲ್ಲ.

ಆಮೇಲೆ ಕಂಪನಿಯಿಂದ ಎಲ್ಲರಿಗೂ ಒಂದು ಮೇಲ್ ಬಂತು. ಹಲವರು ಬಳಸುತ್ತಿದ್ದ ಒಂದು ಪಾಸ್‌ವರ್ಡಿನಿಂದ ಕಳ್ಳರು ಒಳಗೆ ಬಂದಿದ್ದಾರೆ, ಪ್ರವಾಸಿಗರ ಪಾಸ್‌ಪೋರ್ಟ್ ವಿವರಗಳು ಹೋಗಿವೆ, ನಿಮ್ಮ ಖಾಸಗಿತನ ನಮಗೆ ಬಹಳ ಮುಖ್ಯ. ತಂಗಿ ಅದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿ, "ನಾ ಬಡ್ಕೊಂಡಿದ್ದು ಇದನ್ನ" ಎಂದಳು. ಪ್ರವಾಸಿಗರಿಗೆ ಖೋಟಾ ಮೇಲುಗಳು ಹೋಗತೊಡಗಿದವು. ಕಂಪನಿಯ ಹೆಸರಿನಲ್ಲೇ, ಅವರ ಹೆಸರು, ಅವರ ತಾರೀಖು ಎಲ್ಲ ಸರಿಯಾಗಿ ಹಾಕಿ, ಉಳಿದ ಹಣ ಇಲ್ಲಿ ಕಟ್ಟಿ ಎಂದು. ಕಟ್ಟಿದವರೂ ಇದ್ದರು. ಕಂಪನಿಯ ಮೇಲೆ ಅವರ ಸರ್ಕಾರದ ವಿಚಾರಣೆ ಶುರುವಾಯಿತು.

ಇದೇ ಹೊತ್ತಿನಲ್ಲಿ ಹಂಪಿ ನೋಡಲು ಬಂದ ಹೆಂಗಸೊಬ್ಬಳು ಕಮಲಾಪುರದ ರಸ್ತೆಯಲ್ಲಿ ಮಿರ್ಚಿ ತಿಂದಳು. ತಿಂದು ಕಾಗದ ಬಿಡಿಸಿದರೆ ಎಣ್ಣೆಯ ನಡುವೆ ತನ್ನ ದೇಶದ ಮುದ್ರೆ, ಯಾರದೋ ಮುಖ, ಹೆಸರು, ನಂಬರು. ಅದರ ಫೋಟೋ ತೆಗೆದು ಆ ಹೆಸರಿನವರನ್ನು ಹುಡುಕಿ ಕಳಿಸಿದಳು. ಅವರು ಕಂಪನಿಗೆ ಕಳಿಸಿದರು.

ಆಗ ಕಂಪನಿಗೆ ಎಷ್ಟು ಹಾಯೆನಿಸಿರಬೇಕು! ಅವರ ಎರಡನೇ ಮೇಲ್‌ನಲ್ಲಿ ಪಾಸ್‌ವರ್ಡಿನ ಮಾತೇ ಇರಲಿಲ್ಲ. ಭಾರತದ ಸ್ಥಳೀಯ ಪ್ರತಿನಿಧಿಯ ನಿರ್ಲಕ್ಷ್ಯದಿಂದ ಮಾಹಿತಿ ಹೊರಗೆ ಹೋಗಿರುವುದು ಕಂಡುಬಂದಿದೆ ಎಂದಿತ್ತು. ಸಾವಿರಾರು ಜನರ ವಿವರ ಕದ್ದವನು ಮಿರ್ಚಿ ಬಂಡಿಯ ಮೂಲಕ ಒಳನುಗ್ಗಿದನೇ? ಬಾಣಲೆಯಲ್ಲಿ ಇಳಿದು ಯುರೋಪಿನಲ್ಲಿ ಎದ್ದನೇ? ನಾನು ಓದಿದವನಲ್ಲ, ಆದರೆ ಇಷ್ಟು ತಿಳಿಯುತ್ತದೆ. ಅವರಿಗೂ ತಿಳಿದಿತ್ತು. ತಿಳಿದೇ ಬರೆದರು.

ಆ ಮೇಲ್‌ನ ಜೊತೆಗಿದ್ದ ಎಣ್ಣೆ ಕಾಗದದ ಫೋಟೋ ನೋಡಿದ ಕೂಡಲೇ ತಂಗಿ ಕೆಳಗೆ ಓಡಿ ಬಂದಳು.

"ಅಣ್ಣ, ಖರೇ ಹೇಳು. ಹಾಳಿ ಸುಟ್ಟೀಯಿಲ್ಲೋ?"

"ಸುಟ್ಟೀನಂದ್ರ ಸುಟ್ಟೀನಿ. ಲಾಡ್ಜ್‌ನವ್ರು ಒಗದಿರ್ತಾರ, ಅವ್ರನ್ನ ಕೇಳು."

ನಂಬಿದಳು. ಅಣ್ಣನ ಮಾತನ್ನು ನಂಬಿ ಲಾಡ್ಜ್ ಲಾಡ್ಜ್ ತಿರುಗಿ ಜಗಳ ಕಾದಳು.

ವಿಚಾರಣೆಗೆ ಕಂಪನಿಯವರು ನಮ್ಮನ್ನು ಬೇರೆ ಬೇರೆಯಾಗಿ ವಿಡಿಯೋ ಕಾಲ್‌ನಲ್ಲಿ ಕರೆದರು. ಮೊದಲು ನನ್ನ ಸರದಿ. ಕಮಲಾಪುರದ ಕೆರೆ ಏರಿಯ ಹತ್ತಿರ ಟೆಂಪೋ ನಿಲ್ಲಿಸಿ ಫೋನ್ ಹಿಡಿದು ಕುಳಿತೆ. ಪರದೆಯ ಮೇಲೆ ಕಂಪನಿಯ ಒಬ್ಬ ಯುರೋಪಿನ ಅಧಿಕಾರಿ, ಪಕ್ಕದ ಚೌಕದಲ್ಲಿ ಅವನ ಮಾತನ್ನು ಹಿಂದಿಯಲ್ಲಿ ಹೇಳುವ ದೆಹಲಿಯ ಏಜೆಂಟ್. ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ. ಮಿಕ್ಕ ಕಾಗದಗಳನ್ನು ಯಾರು ನೋಡಿಕೊಳ್ಳುತ್ತಾರೆ?

ಹಿಂದಿಯಲ್ಲಿ ಹೇಳಬಹುದಿತ್ತು. ಸಂಡೂರಿನ ಲಾರಿ ಲೈನಿನಲ್ಲಿ ಹಿಂದಿ ಚೆನ್ನಾಗಿಯೇ ಕಲಿತಿದ್ದೆ. ತಂಗಿ ಸುಡಲು ಕೊಟ್ಟಳು, ನಾನು ಮಿರ್ಚಿ ಬಂಡಿಗೆ ಕೊಟ್ಟೆ ಎಂದರೆ ಮುಗಿಯುತ್ತಿತ್ತು. ಆ ಸೀಸನ್ನಿನ ಗುಂಪುಗಳು ತಪ್ಪಿದರೆ ಟೆಂಪೋ ಮನೆ ಮುಂದೆ ನಿಲ್ಲುತ್ತದೆ ಎಂಬುದೊಂದೇ ತಲೆಯಲ್ಲಿ ಇತ್ತು. ಬಾಯಿಂದ ಬಂದದ್ದು ನನ್ನ ಡ್ರೈವರ್ ಇಂಗ್ಲೀಷು.

"ಸಿಸ್ಟರ್ ಪೇಪರ್. ಐ ಓನ್ಲಿ ಡ್ರೈವರ್, ಸರ್."

ಅಧಿಕಾರಿ ತಲೆಯಾಡಿಸಿ ಏನೋ ಬರೆದುಕೊಂಡ. ಥ್ಯಾಂಕ್ಯೂ ಎಂದ. ನಾನೂ ಥ್ಯಾಂಕ್ಯೂ ಎಂದೆ.

ತಂಗಿಯ ಸರದಿಯಲ್ಲಿ ಅವರು ಅದನ್ನೇ ಅವಳಿಗೆ ಓದಿ ತೋರಿಸಿದರು. ನಿಮ್ಮ ಡ್ರೈವರ್ ಹೀಗೆ ಹೇಳಿದ್ದಾನೆ, ಕಾಗದ ನಿಮ್ಮದು ಎಂದು. ಅವಳು ಕಾಲ್ ಮುಗಿಸಿ ಕೆಳಗೆ ಬಂದಾಗ ನಾನು ತಲೆ ಎತ್ತಲಿಲ್ಲ. ಅವಳೇ ನನಗೆ ಸಮಾಧಾನ ಹೇಳಿದಳು.

"ನೀ ಹೇಳಿದ್ದು ಖರೇನ ಅಲ್ಲ? ಹಾಳಿ ನನ್ನ ಹತ್ರಾನ ಇರ್ತಿದ್ವು. ನೀ ಎದಕ ಮಾರಿ ಸಣ್ಣದು ಮಾಡ್ಕೊಂಡಿ? ಊಟ ಮಾಡು."

ಅವಳನ್ನು ಕೆಲಸದಿಂದ ತೆಗೆದರು. ನನ್ನ ಟೆಂಪೋ ಉಳಿಯಿತು. ಅವಳ ಜಾಗಕ್ಕೆ ಬೇರೆ ಊರಿನಿಂದ ಒಬ್ಬನು ಬಂದ. ಅವನು ಪಾಸ್‌ಪೋರ್ಟುಗಳ ಫೋಟೋ ಹೊಡೆದು ಲಾಡ್ಜಿನವರ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದ. ನನ್ನ ಕಣ್ಣ ಮುಂದೆಯೇ. ಯಾರೂ ಕೇಳಲಿಲ್ಲ. ಆ ಒಂದೇ ಪಾಸ್‌ವರ್ಡು ಮಾತ್ರ ಬದಲಾಗಿತ್ತು. ಈಗ ಇನ್ನೊಂದು ಪಾಸ್‌ವರ್ಡು, ಮತ್ತೆ ಎಲ್ಲರಿಗೂ ಸೇರಿ ಒಂದೇ. ಅದನ್ನು ಅವನು ಫೋನಿನ ಕವರಿನ ಹಿಂದೆ ಬರೆದು ಅಂಟಿಸಿಕೊಂಡಿದ್ದ.

ಹಂಪಿಯ ಟೀ ಅಂಗಡಿಯಲ್ಲಿ ಗೈಡ್‌ಗಳು, ಆಟೋದವರು ಸೇರುತ್ತಾರೆ. ಅವರ ಬಾಯಲ್ಲಿ ನನ್ನ ತಂಗಿಗೆ ಹೊಸ ಹೆಸರು ಹುಟ್ಟಿತು.

"ಏನ್ರಿ, ಮಿರ್ಚಿ ಮೇಡಂ ಕಾಣವಲ್ಲರಲ್ಲ ಈಗೀಗ?"

"ಬಂಡಿ ಹಾಕ್ಯಾರಂತೋ ಲೇ. ಒಂದು ಪ್ಲೇಟಿಗೆ ಒಂದು ಪಾಸ್‌ಪೋರ್ಟ್ ಫ್ರೀ."

ಅವರು ನಕ್ಕರು. ನಾನು ಅಲ್ಲೇ ಕುಳಿತು ಟೀ ಕುಡಿದೆ. ಇದನ್ನು ಬರೆಯುವಾಗ ಕಂಪನಿಯ ಮೇಲಿನದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿರುವುದು ಆ ಟೀ ಕುಡಿದವನ ಮೇಲೆ.

ಸೀಸನ್ನಿನ ನಡುವೆ ಕಂಪನಿ ನಮ್ಮ ಬಂಡಿಗಳಿಗೆಲ್ಲ ಒಂದೊಂದು ಫಲಕ ಕಳಿಸಿತು. ಲ್ಯಾಮಿನೇಟ್ ಮಾಡಿದ್ದು, ನೀಲಿ ಬಣ್ಣ, ಬೀಗದ ಚಿತ್ರ, ಕೆಳಗೆ ನಿಮ್ಮ ಮಾಹಿತಿಯನ್ನು ನಾವು ಕಾಪಾಡುತ್ತೇವೆ ಎಂಬ ಇಂಗ್ಲೀಷ್ ಬರಹ. ನನ್ನ ಸೀಟಿನ ಹಿಂದೆ, ಎಲ್ಲರಿಗೂ ಕಾಣುವಂತೆ ಹಾಕಬೇಕಂತೆ. ಕಾಗದ ಚೂರು ಮಾಡುವ ಮಿಷನ್ ಕಳಿಸಲು ಇಲ್ಲದ ಖರ್ಚು ಇದಕ್ಕೆ ಇತ್ತು. ಸಂಡೂರಿಗೆ ಹೋಗುವಾಗ ಹಿಂದೆ ಕುಳಿತಿದ್ದ ಒಬ್ಬ ಅಜ್ಜಿ ಅದನ್ನು ಓದಿ, ನನ್ನ ಭುಜ ತಟ್ಟಿ, ನೀವು ಹೇಗೆ ಕಾಪಾಡುತ್ತೀರಿ ಎಂದು ಕೇಳಿದಳು. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಆಕೆಗೆ. ಹಿಂದೆ ತಂಗಿ ಇದ್ದಿದ್ದರೆ ಉತ್ತರ ಕೊಡುತ್ತಿದ್ದಳು. ನಾನು "ಯೆಸ್ ಮೇಡಂ, ಗುಡ್ ಮೇಡಂ" ಎಂದೆ. ಆಕೆ ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿದಳು.

ಮರುದಿನ ಮಧ್ಯಾಹ್ನ ಮಹಡಿ ಹತ್ತಿದೆ. ತಂಗಿ ಬಿಸಿಲಿಗೆ ಮೆಣಸಿನಕಾಯಿ ಹರವಿ ತೊಟ್ಟು ಮುರಿಯುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮಿರ್ಚಿ ಬಂಡಿ, ಹರಿದ ಹಾಳೆ, ಸುಳ್ಳು, ಕೆರೆ ಏರಿಯ ಮೇಲೆ ಹೇಳಿದ ಮಾತು. ಅವಳು ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ.

"ಆ ಮಂದಿ ನನ್ನ ನಂಬಿ ಕೊಟ್ಟಿದ್ರು ಅಣ್ಣ. ಅವ್ರ ಮಾರಿನೆಲ್ಲ ಎಣ್ಣ್ಯಾಗ ಅದ್ದಿ ಕೊಟ್ಟಿ ನೀ."

"ತಪ್ಪಾತು."

"ನಾ ಲಾಡ್ಜ್‌ನವ್ರಿಗೆಲ್ಲ ಬಾಯಿಗೆ ಬಂದಂಗ ಬೈದು ಬಂದೆ. ಅವ್ರ ಮುಂದ ಈಗ ಹೆಂಗ ಹೋಗ್ಲಿ?"

"ತಪ್ಪಾತು ಅಂದ್ನೆಲ್ಲ ಯವ್ವ."

"ನನ್ನ ಮುಂದ ಅಂದ್ರ ಏನ್ ಬಂತು? ಕಂಪನಿಯವ್ರ ಮುಂದ ಅನ್ನು."

ಕೈ ತೊಳೆದು ಬಂದು ಲ್ಯಾಪ್‌ಟಾಪ್ ತೆರೆದಳು. ನಾನು ಕನ್ನಡದಲ್ಲಿ ಹೇಳಿದೆ, ಅವಳು ಇಂಗ್ಲೀಷಿನಲ್ಲಿ ಬರೆದಳು. ತನ್ನ ಮೇಲೆ ಹೊರಿಸಿದ ತಪ್ಪನ್ನು ತಾನೇ ಕುಳಿತು, ಹೊರಿಸಿದವನ ಬಾಯಿಂದ ಕೇಳಿ, ಬೇರೆ ಭಾಷೆಗೆ ಹಾಕಬೇಕಾಯಿತು ಅವಳು. ಮೆಣಸಿನ ಘಾಟು ಇನ್ನೂ ಬೆರಳಲ್ಲಿತ್ತೇನೋ, ಆಗಾಗ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ನಾನು ಘಾಟೆಂದೇ ಅಂದುಕೊಂಡೆ.

"ನನಗ ಓದು ಬರಹ ಕಮ್ಮಿ, ಹಂಗಾಗಿ ತಿಳೀಲಿಲ್ಲ ಅಂತ ಹಾಕು."

ಬೆರಳು ನಿಂತಿತು.

"ಅದು ಸುಳ್ಳು. 'ಸುಡು' ಅಂತ ನಾ ನಿನಗ ಇಂಗ್ಲೀಷಿನ್ಯಾಗ ಹೇಳಿದ್ದಿಲ್ಲ."

ಆ ಸಾಲು ಹಾಕಲಿಲ್ಲ. ಪಾಸ್‌ವರ್ಡಿನ ಬಗ್ಗೆ ಚೆನ್ನಾಗಿ ಬೈದು ಬರೆ ಎಂದೆ. ಅದಕ್ಕೂ ಒಪ್ಪಲಿಲ್ಲ. "ಬೈದ್ರ ನಿನ್ನ ತಪ್ಪು ಕಮ್ಮಿ ಆಗ್ತೈತೇನ? ಅದನ್ನ ನಾ ಬ್ಯಾರೆ ಬರದೀನಿ, ಅವ್ರು ಓದಿಲ್ಲ." ಕೊನೆಗೆ ತನ್ನದೊಂದು ಮಾತು ಸೇರಿಸಿದಳು. ಕಮಲಾಪುರದ ಹತ್ತಿರ ಹೊಸದಾಗಿ ಆಗಿರುವ ಹೋಟೆಲಿನಲ್ಲಿ ರಿಸೆಪ್ಷನ್ ಕೆಲಸಕ್ಕೆ ಕೇಳಿದ್ದಳು. ಹಳೆಯ ಕಂಪನಿಯಿಂದ ಅನುಭವದ ಪತ್ರ ತನ್ನಿ ಎಂದಿದ್ದರು. ತಪ್ಪು ಯಾರದೆಂದು ಈಗ ತಿಳಿದಿರುವುದರಿಂದ ದಯವಿಟ್ಟು ಆ ಪತ್ರ ಕೊಡಿ ಎಂದು ಬರೆದಳು. ಅವಳ ಆಸೆಯೆಲ್ಲ ಆ ಪತ್ರದ ಮೇಲಿತ್ತು.

ಉತ್ತರ ಬಂತು. ಕ್ಷಮೆಯ ಬಗ್ಗೆ, ತಂಗಿಯ ಬಗ್ಗೆ ಒಂದು ಅಕ್ಷರವಿರಲಿಲ್ಲ. ನೀವು ಯಾರೆಂದು ಖಚಿತಪಡಿಸಿಕೊಳ್ಳದೆ ಉತ್ತರಿಸಲಾಗದು, ನಿಮ್ಮ ಗುರುತಿನ ಚೀಟಿಯನ್ನು ಎರಡೂ ಬದಿ ಫೋಟೋ ತೆಗೆದು, ಅದನ್ನು ಹಿಡಿದುಕೊಂಡ ನಿಮ್ಮ ಫೋಟೋ ಸಮೇತ ಇಲ್ಲಿಗೆ ಏರಿಸಿ.

ನನಗೆ ಮೈಯೆಲ್ಲ ಉರಿಯಿತು. "ಇಷ್ಟೂ ಮಂದಿ ಪಾಸ್‌ಪೋರ್ಟ್ ಕಳದವ್ರಿಗೆ ಈಗ ನನ್ನ ಆಧಾರ್ ಬೇಕಂತ! ನಾ ಕೊಡಂಗಿಲ್ಲ."

"ಕೊಡ್ಲಿಲ್ಲಂದ್ರ ಅವ್ರು ಇದನ್ನ ಮುಚ್ಚಿ ಹಾಕ್ತಾರ. ನಿಂದರು ಆ ಗ್ವಾಡಿಗೆ. ಚೀಟಿ ನೆಟ್ಟಗ ಹಿಡಿ."

ಗೋಡೆಗೆ ನಿಂತೆ, ಆಧಾರ್ ಕಾರ್ಡನ್ನು ಎದೆಯ ಮುಂದೆ ಹಿಡಿದು. ಠಾಣೆಯಲ್ಲಿ ಕಳ್ಳರನ್ನು ನಿಲ್ಲಿಸುತ್ತಾರಲ್ಲ, ಹಾಗೆ. ತಂಗಿ ಫೋಟೋ ಹೊಡೆದಳು.

ಬಹಳ ದಿನ ಕಾದ ಮೇಲೆ ಕೊನೆಯ ಉತ್ತರ ಬಂತು. ಅದನ್ನು ತಂಗಿ ಮೂರು ಸಲ ಮನಸ್ಸಿನಲ್ಲೇ ಓದಿಕೊಂಡು ಆಮೇಲೆ ನನಗೆ ಹೇಳಿದಳು. ಆ ವ್ಯಕ್ತಿಯ ಜೊತೆಗಿನ ಒಪ್ಪಂದ ಮುಗಿದಿರುವುದರಿಂದ, ಮಾಹಿತಿ ರಕ್ಷಣೆಯ ನಿಯಮದಂತೆ ಅವರ ಎಲ್ಲ ವೈಯಕ್ತಿಕ ವಿವರಗಳನ್ನು ಅಳಿಸಲಾಗಿದೆ. ಹಾಗಾಗಿ ಅವರು ನಮ್ಮಲ್ಲಿ ಕೆಲಸ ಮಾಡಿದ್ದರೆಂದು ಹೇಳಲು ಸಾಧ್ಯವಿಲ್ಲ. ಸ್ಥಳೀಯ ನಿರ್ಲಕ್ಷ್ಯದ ಬಗೆಗಿನ ವರದಿಯಲ್ಲಿ ಯಾರ ಹೆಸರೂ ಇಲ್ಲದಿರುವುದರಿಂದ ಅದನ್ನು ತಿದ್ದುವ ಅಗತ್ಯ ಕಾಣುವುದಿಲ್ಲ.

"ಅಂದ್ರ?"

"ಅಂದ್ರ ತಪ್ಪು ಐತಿ, ನಾ ಇಲ್ಲ."

ಈ ಒಂದು ನಿಯಮವನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದರು. ಬೇರೆ ಪಾಸ್‌ವರ್ಡು ಕೊಡಲು ಎರಡು ವರ್ಷ ಬೇಡಿಕೊಂಡರೂ ಆಗದವರಿಗೆ, ನನ್ನ ತಂಗಿಯನ್ನು ಅಳಿಸಲು ಎಷ್ಟು ಚುರುಕು! ಅವಳನ್ನು ಹೊಗಳಿ ಪ್ರವಾಸಿಗರು ಬರೆದ ಪತ್ರಗಳೆಲ್ಲ ಅವರ ಕಂಪ್ಯೂಟರಿನಲ್ಲಿದ್ದವು. ಕಡಲೆಕಾಯಿ ತಿನ್ನಿಸದೆ ಜೀವ ಉಳಿಸಿದಿರಿ ಎಂದು ಒಬ್ಬ ತಾಯಿ ಬರೆದಿದ್ದಳು. ಅವೂ ಹೋದವು. ಯಾರನ್ನು ಕಾಪಾಡಲೆಂದು ಅಳಿಸಿದರು? ಅವಳನ್ನು ಕೇಳಿದರೇ? ಬೇಕಾದಾಗ ಬಾಗಿಲು ತೆರೆದಿಟ್ಟು ಬೇಡವಾದಾಗ ಕಾಯ್ದೆಯ ಹಿಂದೆ ಅಡಗಿ ಕುಳಿತುಕೊಳ್ಳುವುದಕ್ಕೆ ತಯಾರಿ ಎನ್ನುವುದಾದರೆ, ಹೌದು, ಅವರು ಚೆನ್ನಾಗಿಯೇ ತಯಾರಾಗಿದ್ದರು.

ಉಳಿದದ್ದು ಒಂದೇ ದಾರಿ. ತಂಗಿಯನ್ನು ಕರೆದುಕೊಂಡು ಹೋಟೆಲಿಗೆ ಹೋದೆ. ಮ್ಯಾನೇಜರು ಬಳ್ಳಾರಿ ಕಡೆಯವರು, ಒಳ್ಳೆಯ ಮನುಷ್ಯ.

"ಬರ್ರಿ, ಕುಂದ್ರಿ. ಪತ್ರ ತಂದೀರೇನ್ರಿ?"

"ಪತ್ರ ಇಲ್ರಿ. ನಾ ಬಂದೀನಿ" ಎಂದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಮಧ್ಯೆ ನಗಲಿಲ್ಲ. ಮುಗಿದ ಮೇಲೆ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು.

"ನೀವು ಹೇಳಿದ್ದು ಖರೇನ ಇರ್ಬಹುದ್ರಿ. ಆದ್ರ ನಮಗೂ ಅಲ್ಲಿಂದಾನ ಮಂದಿ ಬರೋದು. ನಾಳೆ ಅವ್ರ ಯಾರಾರ ಕೇಳಿದ್ರ ನಾ ಏನಂತ ತೋರಿಸ್ಲಿ? ಕೌಂಟರ್‌ನ್ಯಾಗ ಬ್ಯಾಡ್ರಿ. ಬಟ್ಟೆ ರೂಮಿನ್ಯಾಗ ಜಾಗ ಐತಿ. ಚಾದರ, ಟವೆಲ್ ನೋಡ್ಕೊಳ್ಳೋದು. ಪಾಸ್‌ಪೋರ್ಟ್ ಮುಟ್ಟೋ ಕೆಲಸ ಅಲ್ಲ."

ನಾನು ಎದ್ದು ನಿಂತೆ. "ಬಿಕಾಂ ಆಗ್ಯಾಳ್ರಿ ಆಕಿ! ಆಕಿ ಇಂಗ್ಲೀಷ್ ಕೇಳಿದ್ರ ನೀವು..."

"ಸುಮ್ನಿರು ಅಣ್ಣ" ಎಂದಳು ತಂಗಿ, ನನ್ನ ಕಡೆ ನೋಡದೆ. "ಮಾತಾಡೋ ಹೊತ್ತಿನ್ಯಾಗ ಮಾತಾಡ್ಲಿಲ್ಲ ನೀ." ಆಮೇಲೆ ಮ್ಯಾನೇಜರಿಗೆ, "ಬರ್ತೀನ್ರಿ. ಯಾವಾಗಿಂದ ಬರ್ಲಿ?"

ಟೀ ಅಂಗಡಿಯಲ್ಲೂ ಹೇಳಿದ್ದೇನೆ, ಹಾಳೆ ಕೊಟ್ಟವನು ನಾನೇ ಎಂದು. "ತಂಗೀ ಮ್ಯಾಲಿನ ಮಮತೆಗೆ ತಾನ ಹೊತ್ಕೊಳ್ಳಾಕತ್ತಾನ ಪಾಪ" ಎಂದರು. ನನ್ನನ್ನು ಹೊಗಳಿದರು! ನಿಜವನ್ನು ಅದರ ಹೊತ್ತಿಗೆ ಹೇಳದಿದ್ದರೆ ಆಮೇಲೆ ಅದನ್ನೂ ಜನ ದೊಡ್ಡತನ ಅಂದುಕೊಳ್ಳುತ್ತಾರೆ. ಆ ಹೆಸರು ಇನ್ನೂ ಅವಳಿಗೇ ಇದೆ.

ಮೊನ್ನೆ ಅದೇ ಹೋಟೆಲಿಗೆ ಒಂದು ಗುಂಪನ್ನು ಇಳಿಸಲು ಹೋಗಿದ್ದೆ. ಈಗ ಆ ಕಂಪನಿಯ ಕೆಲಸ ಬಿಟ್ಟಿದ್ದೇನೆ, ಇವರು ಬೇರೆಯವರು. ಕೌಂಟರಿನ ಹುಡುಗಿ ಅವರ ಮಾತು ತಿಳಿಯದೆ ಒಳಗಿದ್ದ ತಂಗಿಯನ್ನು ಕೂಗಿದಳು. ಹೆಗಲ ಮೇಲೆ ಟವೆಲ್ಲುಗಳನ್ನು ಹಾಕಿಕೊಂಡೇ ಬಂದಳು. ಬಂದವರ ಜೊತೆ ನಗುತ್ತ ಮಾತಾಡಿದಳು, ಯಾರಿಗೆ ಯಾವ ಕೋಣೆ ಎಂದು ಹೇಳಿದಳು, ಮೆಟ್ಟಿಲು ಹತ್ತಲಾಗದ ಒಬ್ಬರಿಗೆ ಕೆಳಗಿನ ಕೋಣೆ ಕೊಡಿಸಿದಳು. ಎಲ್ಲರಿಗಿಂತ ಮುಂದೆ ನಿಂತಿದ್ದ ಮುದುಕ ತನ್ನ ಪಾಸ್‌ಪೋರ್ಟನ್ನು ತೆಗೆದು ನಂಬಿಕೆಯಿಂದ ಅವಳ ಕಡೆಗೆ ಚಾಚಿದ. ತಂಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗದ್ದದಿಂದ ಕೌಂಟರಿನ ಹುಡುಗಿಯನ್ನು ತೋರಿಸಿದಳು. ಮುದುಕ ಅರ್ಥವಾಗದೆ ಇನ್ನೂ ಚಾಚಿಕೊಂಡೇ ನಿಂತಿದ್ದ.